ಸಾಕಿದ ಇರುವೆಗೆ ಹುಳದ ಊಟ: ಮಳೆಯ ಊರಿನಲ್ಲಿ ಇಡುವುದು ಹೇಗೆ, ಕೊಡುವುದು ಹೇಗೆ

ಮೇ ಕೊನೆಗೆ ಒಂದೆರಡು ಒಳ್ಳೆಯ ಮಳೆ ಬಿದ್ದರೆ ಸಾಕು, ಉಡುಪಿ, ಮಂಗಳೂರಿನ ಕಡೆ ಸಂಜೆ ದೀಪದ ಬುಡದಲ್ಲಿ ರೆಕ್ಕೆ ಕಳಚಿದ ರಾಣಿ ಇರುವೆಗಳು ಓಡಾಡುತ್ತವೆ. ಇರುವೆ ಸಾಕುವ ಆಸೆ ಇರುವವರು ಅಂಥದ್ದೊಂದನ್ನು ಹಿಡಿದು, ನೀರು ಮತ್ತು ಹತ್ತಿ ಹಾಕಿದ ಟೆಸ್ಟ್ ಟ್ಯೂಬಿನಲ್ಲಿ ಇಡುತ್ತಾರೆ. ಆಟಿ ತಿಂಗಳು (ಜುಲೈ, ಆಗಸ್ಟ್) ಬರುವಷ್ಟರಲ್ಲಿ ಮೊದಲ ಕೆಲಸಗಾರ ಇರುವೆಗಳು ಹೊರಬಂದಿರುತ್ತವೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ಇವಕ್ಕೆ ಊಟ ಏನು ಕೊಡುವುದು?

ಅರ್ಧ ಉತ್ತರ ಸುಲಭ. ಸಕ್ಕರೆ ನೀರು, ಜೇನು, ತೆಳ್ಳಗೆ ಮಾಡಿದ ಜೋನಿ ಬೆಲ್ಲ, ಯಾವುದಾದರೂ ಆದೀತು. ಇನ್ನರ್ಧ ಉತ್ತರ ಹುಳ. ಕಷ್ಟ ಇರುವುದು ಅದರಲ್ಲೇ. ಎಲ್ಲಿಂದಲೋ ಬಂದ ಹುಳ ಗೂಡಿಗೆ ಹೋಗುವಾಗ ಅದರ ಜೊತೆ ವಿಷ, ನುಸಿ, ಬೂಷ್ಟು ಎಲ್ಲವೂ ಒಳಗೆ ಹೋಗಬಹುದು. ಇರುವೆ ಗೂಡಿಗೆ ಬಾಗಿಲು ಒಂದೇ. ಅದು ಊಟದ ಬಾಗಿಲು. ಹಾಗಾಗಿ ಹುಳವನ್ನು ಎಲ್ಲಿಂದ ತರುತ್ತೀರಿ, ಹೇಗೆ ಇಡುತ್ತೀರಿ, ಹೇಗೆ ಕೊಲ್ಲುತ್ತೀರಿ ಎನ್ನುವುದು ಗೂಡಿನ ವಿನ್ಯಾಸಕ್ಕಿಂತ ಮುಖ್ಯ ಎಂದು ನನಗೆ ಅನಿಸುತ್ತದೆ.

ಮೊದಲು ಇರುವೆಯ ದೇಹದ ವಿಷಯ. ದೊಡ್ಡ ಇರುವೆಗೆ ಗಟ್ಟಿ ಆಹಾರ ನುಂಗಲು ಆಗುವುದಿಲ್ಲ. ಅದರ ಸೊಂಟ ನೋಡಿ, ಎಷ್ಟು ಸಣ್ಣ! ಅದರ ಮೂಲಕ ಹೊಟ್ಟೆಗೆ ಹೋಗುವುದು ಬರೀ ರಸ. ಬಾಯಿಯ ಕೆಳಗೆ ಒಂದು ಪುಟ್ಟ ಚೀಲ ಇದೆ. ಗಟ್ಟಿ ಚೂರುಗಳು ಅಲ್ಲೇ ಸೋಸಿ ನಿಲ್ಲುತ್ತವೆ. ಇರುವೆ ಅದನ್ನು ಉಂಡೆ ಮಾಡಿ ಉಗುಳುತ್ತದೆ. ಗೂಡಿನ ಕಸದಲ್ಲಿ ಕಾಣುವ ಸಣ್ಣ ಸಣ್ಣ ಉಂಡೆಗಳಲ್ಲಿ ಕೆಲವು ಇವೇ. ಓಡಾಡುವ ಕೆಲಸಗಾರ ಇರುವೆಗೆ ಮುಖ್ಯವಾಗಿ ಬೇಕಾದ್ದು ಶಕ್ತಿ, ಅಂದರೆ ಸಿಹಿ. ಬೆಳೆಯುವ ಮರಿಹುಳಕ್ಕೆ ಮತ್ತು ಮೊಟ್ಟೆ ಇಡುವ ರಾಣಿಗೆ ಬೇಕಾದ್ದು ಪ್ರೋಟೀನ್, ಅಂದರೆ ಹುಳ. ಇದೊಂದು ವಿಷಯ ತಲೆಯಲ್ಲಿದ್ದರೆ ಮುಂದಿನ ಎಷ್ಟೋ ಪ್ರಶ್ನೆಗೆ ನಿಮಗೇ ಉತ್ತರ ಹೊಳೆಯುತ್ತದೆ.

ಮರಿಗೆ ಉಣಿಸುವ ಕ್ರಮ ಎಲ್ಲ ಇರುವೆಯಲ್ಲೂ ಒಂದೇ ರೀತಿ ಇಲ್ಲ. ನಮ್ಮ ಅಂಗಳದ ದೊಡ್ಡ ಕಪ್ಪು ಗೊದ್ದ ಇರುವೆ ಹುಳದ ರಸ ಹೀರಿ, ಗೂಡಿಗೆ ಹೋಗಿ, ಮರಿಗಳಿಗೆ ಬಾಯಿಂದ ಬಾಯಿಗೆ ಕೊಡುತ್ತದೆ. ಅದಕ್ಕೆ ಒಳಗಿನ ಮೆತ್ತನೆಯ ಭಾಗ ಕೈಗೆ ಸಿಗುವಂತೆ ಕತ್ತರಿಸಿದ ಹುಳ ಬೇಕು. ಪಶ್ಚಿಮ ಘಟ್ಟದ ಕಡೆ ಇರುವ ಜಿಗಿಯುವ ಇರುವೆ, ವಿಜ್ಞಾನಿಗಳ ಭಾಷೆಯಲ್ಲಿ ಹಾರ್ಪೆಗ್ನಾಥಸ್ ಸಾಲ್ಟೇಟರ್, ಬೇರೆಯೇ ಥರ. ಅದಕ್ಕೆ ದೊಡ್ಡ ಕಣ್ಣು, ಉದ್ದ ದವಡೆ. ಅಲ್ಲಾಡುವ ಬೇಟೆಯನ್ನು ಕಂಡು, ಹಾರಿ ಹಿಡಿದು, ಕುಟುಕಿ, ಇಡೀ ಹುಳವನ್ನೇ ಗೂಡಿಗೆ ಎಳೆದುಕೊಂಡು ಹೋಗುತ್ತದೆ. ಮರಿಗಳು ಆ ಹುಳದ ಮೇಲೆಯೇ ಬಾಯಿ ಇಟ್ಟು ತಿನ್ನುತ್ತವೆ. ಫ್ರೀಜರಿನ ಹುಳ ಎದುರಿಗೆ ಬಿದ್ದಿದ್ದರೂ ಅದು ಗಮನಿಸದೆ ಹೋಗಬಹುದು. ಹೊಸಬರು ಈ ಜಾತಿಗೆ ಕೈ ಹಾಕದಿರುವುದು ಒಳ್ಳೆಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯದ ಒಳಗಿಂದ ಅನುಮತಿ ಇಲ್ಲದೆ ಯಾವ ಜೀವಿಯನ್ನೂ ತರುವ ಹಾಗೇ ಇಲ್ಲ. ಮುಂದೆ ಹೇಳುವುದೆಲ್ಲ ಗೊದ್ದದಂಥ, ಸತ್ತ ಹುಳ ತಿನ್ನುವ ಇರುವೆಗಳ ಬಗ್ಗೆ.

ಯಾವ ಹುಳ? ಹಕ್ಕಿ, ಮೀನು ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮೀಲ್‌ವರ್ಮ್. ಅದು ಒಂದು ಕಪ್ಪು ದುಂಬಿಯ ಮರಿಹುಳ. ಅದರಲ್ಲಿ ಕೊಬ್ಬು ಜಾಸ್ತಿ. 100 ಗ್ರಾಂ ಹಸಿ ಮೀಲ್‌ವರ್ಮಿನಲ್ಲಿ ಸುಮಾರು 19 ಗ್ರಾಂ ಪ್ರೋಟೀನ್, 13 ಗ್ರಾಂ ಕೊಬ್ಬು. ಅಷ್ಟೇ ತೂಕದ ದೊಡ್ಡ ಜೀರುಂಡೆಯಲ್ಲಿ (ಇಂಗ್ಲಿಷಿನಲ್ಲಿ ಕ್ರಿಕೆಟ್ ಎನ್ನುವ ಹುಳ) ಪ್ರೋಟೀನ್ ಸುಮಾರು 20 ಗ್ರಾಂ, ಕೊಬ್ಬು ಮಾತ್ರ 7 ಗ್ರಾಂ ಆಸುಪಾಸು. ಎರಡನ್ನೂ ಬದಲಿಸಿ ಬದಲಿಸಿ ಕೊಡುವುದು ಒಳ್ಳೆಯದು. ತೀರಾ ಸಣ್ಣ ಇರುವೆಗಳಿಗೆ ಹಣ್ಣಿನ ನೊಣ ಸಾಕು. ಅದನ್ನು ದುಡ್ಡು ಕೊಟ್ಟು ತರಬೇಕಾಗಿಯೇ ಇಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಒಂದಿಷ್ಟು ಗೂಂಜು ಬಾಟಲಿಗೆ ಹಾಕಿ, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ ಇಡಿ. ಮರುದಿನ ಬೇಕಾದಷ್ಟು ನೊಣ ಒಳಗಿರುತ್ತವೆ. ಬಾಟಲಿಯನ್ನು ಹಾಗೆಯೇ ಫ್ರೀಜರಿಗೆ ಇಟ್ಟರಾಯಿತು.

ಈಗ ಇಡುವ ವಿಷಯ. ಹುಳ ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಜಾಸ್ತಿ ಒಣ ಹವೆಯ ದೇಶಗಳಿಂದ ಬಂದವು. ಅಲ್ಲಿ ಚಳಿ ದೊಡ್ಡ ತಲೆನೋವು. ನಮಗೆ ಚಳಿ ಇಲ್ಲ, ತೇವ ಇದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೇ ಬೂಷ್ಟು ಬರುತ್ತದೆ. ಇನ್ನು ಹಿಟ್ಟಿನಲ್ಲಿ ಬದುಕುವ ಹುಳದ ಡಬ್ಬಿ ಸುಮ್ನೆ ಬಿಟ್ಟರೆ ಏನಾಗಬೇಕು?

ಮೀಲ್‌ವರ್ಮ್ ಹೊಟ್ಟಿನಲ್ಲೇ ಮಲಗಿ ಹೊಟ್ಟನ್ನೇ ತಿನ್ನುತ್ತದೆ. ಇಲ್ಲಿ ಕೆಲವರು ಅಕ್ಕಿಯ ತೌಡು ಹಾಕುತ್ತಾರೆ, ಗಿರಣಿಯಲ್ಲಿ ಸುಲಭವಾಗಿ ಸಿಗುತ್ತದೆ ಅಂತ. ತೌಡಿನಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟು ಹಿಡಿಯುತ್ತದೆ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ದನಕ್ಕೆ ಹಾಕುವ ಗೋಧಿ ಬೂಸಾ ಉತ್ತಮ. ತಂದ ಬೂಸಾವನ್ನು ನೇರವಾಗಿ ಡಬ್ಬಿಗೆ ಸುರಿಯಬೇಡಿ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಸಿ ತಾಳದಷ್ಟು ಹುರಿಯಿರಿ, ಪೂರ್ತಿ ಆರಲು ಬಿಡಿ, ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಹುಳದ ಡಬ್ಬಿಗೆ ಬೇಕಾದಾಗ ಬೇಕಾದಷ್ಟೇ ತೆಗೆಯಿರಿ. ಹುರಿಯುವುದರಿಂದ ಎರಡು ಉಪಯೋಗ: ತೇವ ಹೋಗುತ್ತದೆ, ಬೂಸಾದ ಜೊತೆ ಬಂದ ನುಸಿ ಸಾಯುತ್ತದೆ.

ಈ ನುಸಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಧಾನ್ಯದ ನುಸಿ ಕಣ್ಣಿಗೆ ಕಾಣುವುದೇ ಕಷ್ಟ. ಡಬ್ಬಿಯ ಗೋಡೆಯ ಮೇಲೆ ತೆಳು ಕಂದು ಧೂಳು ಮೆತ್ತಿಕೊಂಡ ಹಾಗೆ ಕಾಣುತ್ತದೆ, ಗಮನಿಸಿ ನೋಡಿದರೆ ಆ ಧೂಳು ಸರಿದಾಡುತ್ತದೆ. ಅದು ನೀರು ಕುಡಿದು ಬದುಕುವ ಜೀವಿ ಅಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ತೇವ ಶೇಕಡಾ 65ಕ್ಕಿಂತ ಕೆಳಗಿಳಿದರೆ ಅದಕ್ಕೆ ಬದುಕುವುದು ಕಷ್ಟ. ನಮ್ಮ ಮಳೆಗಾಲದಲ್ಲಿ ಗಾಳಿಯ ತೇವ ದಿನಗಟ್ಟಲೆ 80, 90ರಲ್ಲೇ ನಿಂತಿರುತ್ತದೆ. ಅಂದರೆ ಊರೇ ನುಸಿಗೆ ಅನುಕೂಲ ಮಾಡಿಕೊಟ್ಟಿದೆ. ಡಬ್ಬಿಯ ಒಳಗಿನ ಜಾಗವನ್ನಾದರೂ ನಾವು ಒಣಗಿಸಿ ಇಡಬೇಕು. ಮುಚ್ಚಳದಲ್ಲಿ ದೊಡ್ಡ ಕಿಟಕಿ ಕತ್ತರಿಸಿ ಸ್ಟೀಲಿನ ಸಣ್ಣ ಬಲೆ ಅಂಟಿಸಿ. ಬೂಸಾ ಎರಡು ಬೆರಳಿನಷ್ಟು ಆಳ ಇದ್ದರೆ ಸಾಕು, ಆಳ ಹೆಚ್ಚಿದಷ್ಟೂ ತಳದಲ್ಲಿ ತೇವ ನಿಲ್ಲುತ್ತದೆ. ಡಬ್ಬಿಯನ್ನು ನೆಲದ ಮೇಲೆ, ಬಚ್ಚಲಿನ ಗೋಡೆಗೆ ತಾಗಿಸಿ ಇಡಬೇಡಿ. ಇನ್ವರ್ಟರ್ ಪಕ್ಕದಂಥ ಸ್ವಲ್ಪ ಬೆಚ್ಚಗಿನ, ಒಣ ಜಾಗ ಹುಡುಕಿ.

ನೀರಿಗಾಗಿ ಕ್ಯಾರೆಟ್ ತುಂಡು ಕೊಡುವುದು ರೂಢಿ. ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ ತೆಳ್ಳಗಿನ ಒಂದು ಬಿಲ್ಲೆ ಬೆಳಿಗ್ಗೆ ಇಟ್ಟು ಸಂಜೆ ತೆಗೆಯಿರಿ. ಸೌತೆಕಾಯಿ ಬೇಡವೇ ಬೇಡ, ನೀರು ಬಿಡುತ್ತದೆ. ಮೀಲ್‌ವರ್ಮ್ ಒಣ ಹೊಟ್ಟಿನಲ್ಲೂ ಬಹಳ ದಿನ ತಡೆಯುತ್ತದೆ. ಅದಕ್ಕೆ ಬಾಯಾರಿಕೆಗಿಂತ ಬೂಷ್ಟೇ ದೊಡ್ಡ ಅಪಾಯ.

ಬೇಗ ಬೆಳೆದು ದುಂಬಿ ಆಗಿಬಿಡುತ್ತವೆ ಎನ್ನುವ ಸಮಸ್ಯೆ ಇದ್ದರೆ ಫ್ರಿಜ್ಜಿನ ಕೆಳಗಿನ ತರಕಾರಿ ಖಾನೆ ಇದೆ. 7ರಿಂದ 10 ಡಿಗ್ರಿಯಲ್ಲಿ ಮೀಲ್‌ವರ್ಮಿನ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು, ಒಂದು ದಿನ ತಿನ್ನಲು ಬಿಟ್ಟು, ಕ್ಯಾರೆಟ್ ತೆಗೆದು, ಒಣಗಿದ ಮೇಲೆ ಮತ್ತೆ ಒಳಗಿಡಿ. ನೋಡಲು ಹಾಗೆಯೇ ಇರುವ, ಅದಕ್ಕಿಂತ ದಪ್ಪದ ಸೂಪರ್‌ವರ್ಮ್ ಅನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬಾರದು. ಅದು ಬಿಸಿ ನಾಡಿನ ಹುಳ, ತಂಪಿಗೆ ಸಾಯುತ್ತದೆ.

ಜೀರುಂಡೆ ಇಡುವುದು ಕಿರಿಕಿರಿ. ಗಾಳಿ ಇಲ್ಲದ ಡಬ್ಬಿಯಲ್ಲಿ ಹಿಕ್ಕೆಯಿಂದ ಅಮೋನಿಯಾ ಎದ್ದು ರಾಶಿಗಟ್ಟಲೆ ಸಾಯುತ್ತವೆ, ಸತ್ತವನ್ನು ಉಳಿದವು ತಿನ್ನುತ್ತವೆ, ಸಣ್ಣ ಗೂನು ಬೆನ್ನಿನ ನೊಣಗಳು ಬಂದು ಮೊಟ್ಟೆ ಇಡುತ್ತವೆ. ಗೂಡಿನ ಗಾತ್ರ ಸಣ್ಣದಿದ್ದರೆ ಜೀರುಂಡೆಯನ್ನು ಸಾಕುವ ಗೋಜಿಗೆ ಹೋಗಬೇಡಿ. ತನ್ನಿ, ಒಂದೆರಡು ದಿನ ಕ್ಯಾರೆಟ್, ಬೂಸಾ ತಿನ್ನಿಸಿ ಹೊಟ್ಟೆ ಚೊಕ್ಕ ಆಗಲು ಬಿಡಿ, ಎಲ್ಲವನ್ನೂ ಒಟ್ಟಿಗೆ ಫ್ರೀಜರಿಗೆ ಹಾಕಿ. ಹಲ್ಲಿ, ಆಮೆ ಸಾಕುವವರು ಹುಳಕ್ಕೆ ಹಚ್ಚುವ ಕ್ಯಾಲ್ಸಿಯಂ ಪುಡಿ ನಮಗೆ ಬೇಡ. ಇರುವೆಗೆ ಮೂಳೆ ಇಲ್ಲ. ಊಟದ ಹುಳವಾಗಿ ಸಾಕುವ ಡುಬಿಯಾ ಜಿರಳೆಗೆ ನಮ್ಮ ಸೆಕೆ ಬಹಳ ಇಷ್ಟ, ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತುವುದಿಲ್ಲ, ವಾಸನೆಯೂ ಕಡಿಮೆ. ಆದರೆ ಅದು ದಕ್ಷಿಣ ಅಮೆರಿಕದ ಜೀವಿ. ನಮ್ಮ ಹವೆಯಲ್ಲಿ ಹೊರಗೆ ಬಿದ್ದರೆ ಬದುಕಿಕೊಳ್ಳಬಹುದು. ಬೇಡವಾದರೆ ತೋಟಕ್ಕೆ ಬಿಡದೆ ಫ್ರೀಜರಿನಲ್ಲಿ ಕೊಲ್ಲುವ ಜವಾಬ್ದಾರಿ ಸಾಕುವವರದ್ದು.

ಹುಳದ ಡಬ್ಬಿಗೆ ಇನ್ನೊಂದು ಶತ್ರು ಇದೆ: ಊರಿನ ಇರುವೆಗಳೇ. ಮನೆಯ ಸಣ್ಣ ಇರುವೆಗಳಿಗೆ ಒಂದು ಬಿರುಕು ಸಿಕ್ಕಿದರೆ ರಾತ್ರಿ ಬೆಳಗಾಗುವುದರೊಳಗೆ ಡಬ್ಬಿ ಖಾಲಿ. ಅಜ್ಜಿಯಂದಿರು ಹಾಲಿನ ಪಾತ್ರೆ ಇಡುವ ಹಾಗೆ ನೀರಿನ ತಟ್ಟೆಯ ನಡುವೆ ಡಬ್ಬಿ ಇಟ್ಟರೆ ಸಾಕು. ಆದರೆ ನಿಂತ ನೀರು ಅಂದರೆ ಸೊಳ್ಳೆ. ಮಲೇರಿಯಾ, ಡೆಂಗಿ ಬಗ್ಗೆ ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ತಟ್ಟೆಯ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೂರು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ಬೇರೆ ನೀರು ತುಂಬಿ.

ಹೊರಗಿನಿಂದ ಹಿಡಿದ ಹುಳ ಕೊಡಬಹುದೇ? ಅಡುಗೆಮನೆಯ ಜಿರಳೆಯನ್ನು ಮಾತ್ರ ಯಾವತ್ತೂ ಕೊಡಬೇಡಿ ಮಾರಾಯ್ರೆ. ಜಿರಳೆಗೆ ಇಡುವ ಜೆಲ್‌ಗಳಲ್ಲಿ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್‌ನಂಥ ವಿಷ ಇರುತ್ತದೆ. ಅವು ನಿಧಾನಕ್ಕೆ ಕೊಲ್ಲುತ್ತವೆ. ವಿಷ ತಿಂದ ಜಿರಳೆ ತನ್ನ ಅಡಗುತಾಣಕ್ಕೆ ಹೋಗಿ ಸಾಯಬೇಕು, ಅದರ ಹೆಣ, ಹಿಕ್ಕೆ ತಿಂದು ಉಳಿದವೂ ಸಾಯಬೇಕು ಎನ್ನುವುದೇ ಅದರ ಲೆಕ್ಕಾಚಾರ. ಆ ಹೆಣವನ್ನು ನಾವೇ ಎತ್ತಿ ಇರುವೆ ಗೂಡಿಗೆ ಹಾಕಿದರೆ? ರಸ ಬಾಯಿಂದ ಬಾಯಿಗೆ ದಾಟಿ ರಾಣಿಯವರೆಗೂ ತಲುಪುತ್ತದೆ. ತೊಳೆದರೂ ಕುದಿಸಿದರೂ ಇಂಥ ವಿಷ ಹೋಗುತ್ತದೆಂದು ನಂಬಬಾರದು. ನೀವು ಜೆಲ್ ಇಟ್ಟಿಲ್ಲ ಎಂದುಕೊಂಡರೂ ಪಕ್ಕದ ಫ್ಲ್ಯಾಟಿನವರು ಇಟ್ಟಿರಬಹುದು.

ತೋಟದ ಹುಳಕ್ಕೂ ಇದೇ ಎಚ್ಚರ. ಗೇರು, ಮಾವು ಹೂಬಿಡುವ ಹೊತ್ತಿಗೆ ಕೀಟನಾಶಕ ಹೊಡೆಯುತ್ತಾರೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೊ ದ್ರಾವಣ ಬಿಡುತ್ತಾರೆ. ಮದ್ದು ಬಿಟ್ಟ ತೋಟದಿಂದ ಮಿಡತೆ ತರಬೇಡಿ. ರೋಮ ಇರುವ ಕಂಬಳಿಹುಳ, ಮಿಂಚುಹುಳ, ಚೋರಟೆ, ಮುಟ್ಟಿದರೆ ವಾಸನೆ ಬಿಡುವ ತಿಗಣೆಗಳು ಕೂಡ ಬೇಡ. ಅವುಗಳ ಮೈಯಲ್ಲೇ ರಕ್ಷಣೆಯ ವಿಷ, ಆಮ್ಲಗಳು ಇರುತ್ತವೆ.

ಹೊರಗಿನಿಂದ ಹಿಡಿಯುವ ಹುಳಗಳಲ್ಲಿ ನನಗೆ ಧೈರ್ಯ ಇರುವುದು ಒಂದರ ಮೇಲೆ. ಮೊದಲ ಮಳೆಗೆ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆಯ ಗೆದ್ದಲು. ಮೆತ್ತಗಿನ ಮೈ, ತುಂಬ ಕೊಬ್ಬು, ಆಗಷ್ಟೇ ಮಣ್ಣಿನೊಳಗಿಂದ ಎದ್ದು ಬಂದದ್ದು. ಇರುವೆಗಳು ಮುಗಿಬಿದ್ದು ತಿನ್ನುತ್ತವೆ. ಸೊಳ್ಳೆಬತ್ತಿ ಹಚ್ಚಿರದ, ಸ್ಪ್ರೇ ಹೊಡೆದಿರದ ಜಾಗದ ದೀಪದ ಕೆಳಗೆ ನೀರಿನ ಬೋಗುಣಿ ಇಟ್ಟು ಹಿಡಿಯಿರಿ. ರೆಕ್ಕೆ ಉದುರಿಸಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ.

ಕೊಲ್ಲುವುದಕ್ಕೆ ಫ್ರೀಜರ್ ಯಾಕೆ? ಹುಳ ಮೊದಲು ತಂಪಿಗೆ ಮರಗಟ್ಟುತ್ತದೆ, ಆಮೇಲೆ ಸಾಯುತ್ತದೆ. ಬದುಕಿರುವ ಜೀರುಂಡೆ, ಸೂಪರ್‌ವರ್ಮ್ ಸಣ್ಣ ಗೂಡಿನ ಇರುವೆಯನ್ನೇ ಕಚ್ಚಿ ಕೊಲ್ಲಬಹುದು. ಆ ಅಪಾಯವೂ ತಪ್ಪುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಪೂರ್ತಿ ಇದ್ದರೆ ಮೈಮೇಲಿನ ನುಸಿ, ಒಳಗಿನ ಪರಾವಲಂಬಿ ಹುಳುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಆದರೆ ಬೂಷ್ಟಿನ ಬೀಜಾಣು, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅವು ಮಲಗಿರುತ್ತವೆ ಅಷ್ಟೇ. ಹೊರಗೆ ತೆಗೆದು ಕರಗಿದ ಮೇಲೆ, ಅದರಲ್ಲೂ ನಮ್ಮ ಸೆಕೆಯಲ್ಲಿ, ಎದ್ದು ಕೂರುತ್ತವೆ. ಆದ್ದರಿಂದ ಕರಗಿದ ಹುಳವನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಒಂದು ಹೊತ್ತಿಗೆ ಬೇಕಾದಷ್ಟನ್ನು ಮೊದಲೇ ಬೇರೆ ಬೇರೆ ಕಟ್ಟಿಡುವುದು ಇದಕ್ಕೇ.

ಫ್ರೀಜರಿನಿಂದ ತೆಗೆದ ಮೀಲ್‌ವರ್ಮ್ ಸ್ವಲ್ಪ ಹೊತ್ತಿಗೆ ಕಪ್ಪಾಗುವುದನ್ನು ನೋಡಿ ಹಲವರು ಕೊಳೆತಿದೆ ಎಂದು ಬಿಸಾಡುತ್ತಾರೆ. ಕೊಳೆತಿರಬೇಕೆಂದಿಲ್ಲ. ಹುಳದ ರಕ್ತದಲ್ಲಿ ಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಗಾಯವಾದಾಗ ಅದು ಕಪ್ಪು ಬಣ್ಣದ ಮೆಲನಿನ್ ಮಾಡುತ್ತದೆ. ಹಿಮದ ಹರಳುಗಳು ಹುಳದ ಒಳಗಿನ ಜೀವಕೋಶಗಳನ್ನು ಒಡೆದಿರುತ್ತವೆ. ಕರಗುತ್ತಿದ್ದಂತೆ ಈ ಕಿಣ್ವ ಕೆಲಸ ಶುರು ಮಾಡುತ್ತದೆ. ಫ್ರೀಜರಿಗೆ ಹಾಕುವ ಮೊದಲು ಹುಳವನ್ನು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿದರೆ ಕಿಣ್ವ ಹಾಳಾಗುತ್ತದೆ, ಹುಳ ಹಳದಿಯಾಗಿಯೇ ಉಳಿಯುತ್ತದೆ. ನುಸಿಯೂ, ಬ್ಯಾಕ್ಟೀರಿಯಾದಲ್ಲಿ ಬಹುಪಾಲೂ ಹೋಗುತ್ತವೆ. ಕ್ರಮ ಹೀಗಿರಲಿ: ಮೊದಲು ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು ಪ್ರಜ್ಞೆ ತಪ್ಪಿಸಿ, ಆಮೇಲೆ ಕುದಿನೀರು, ಆಮೇಲೆ ಒರೆಸಿ ಒಣಗಿಸಿ, ಕೊನೆಗೆ ಮತ್ತೆ ಫ್ರೀಜರ್. ಮಳೆಗಾಲಕ್ಕೆ ನಾನು ಸೂಚಿಸುವುದು ಇದನ್ನೇ. ಬೇಸಿಗೆಯಲ್ಲಿ ಬರೀ ಫ್ರೀಜರ್ ಸಾಕು. ಒಳ್ಳೆಯ ಹುಳ ಯಾವುದು, ಹಾಳಾದದ್ದು ಯಾವುದು ಎಂದು ಬಣ್ಣ ಹೇಳುವುದಿಲ್ಲ, ವಾಸನೆ ಹೇಳುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ತುಂಬಿದ ಫ್ರೀಜರ್ ಬಾಗಿಲು ತೆಗೆಯದೆ ಇದ್ದರೆ ಎರಡು ದಿನದವರೆಗೂ ತಂಪು ಹಿಡಿದಿಡಬಲ್ಲದು, ಅರ್ಧ ತುಂಬಿದ್ದು ಒಂದು ದಿನ. ಹುಳದ ಡಬ್ಬಿಯ ಪಕ್ಕದಲ್ಲಿ ನೀರು ತುಂಬಿದ ಬಾಟಲಿಗಳನ್ನು ಗಟ್ಟಿಯಾಗಿಸಿ ಇಟ್ಟುಕೊಳ್ಳಿ.

ಮನೆಯವರ ಒಪ್ಪಿಗೆಯ ಮಾತೂ ಇದೆ. ಫ್ರೀಜರಿನಲ್ಲಿ ಬಂಗುಡೆ, ಬೂತಾಯಿ ಮೀನು ಇಡುವ ಮನೆಯಲ್ಲೂ ಜೀರುಂಡೆ ಇಡಲು ಅಮ್ಮ ಒಪ್ಪಬೇಕೆಂದಿಲ್ಲ. ಸಸ್ಯಾಹಾರಿ ಮನೆಗಳಲ್ಲಂತೂ ಕೇಳುವುದೇ ಬೇಡ. ಒಳಗೇನಿದೆ ಎಂದು ಕಾಣದ ಸ್ಟೀಲ್ ಡಬ್ಬಿ, ಅದರ ಮೇಲೆ ಚೀಟಿ, ಅದಕ್ಕೆಂದೇ ಬೇರೆ ಚಿಮಟ, ಬೇರೆ ಕತ್ತರಿ, ಬೇರೆ ಪಾತ್ರೆ ಇಷ್ಟಾದರೂ ಇರಲಿ. ಕದ್ದುಮುಚ್ಚಿ ಇಡಬೇಡಿ. ಒಪ್ಪಿಗೆ ಸಿಗದಿದ್ದರೆ ಹುರಿದ ಬೂಸಾದಲ್ಲಿ ಬದುಕಿರುವ ಮೀಲ್‌ವರ್ಮ್ ಇಟ್ಟುಕೊಂಡು, ಬೇಕಾದಾಗ ಒಂದನ್ನು ತೆಗೆದು ತಲೆ ಜಜ್ಜಿ ಕೊಡಬಹುದು. ಫ್ರೀಜರ್ ಇಲ್ಲದೆಯೂ ಇರುವೆ ಸಾಕಬಹುದು.

ಹುಳ ಖಾಲಿಯಾದ ದಿನಕ್ಕೆ, ಮೀನು ತಿನ್ನುವ ಮನೆಯಾದರೆ, ಸಿಗಡಿ ಇದೆ. ಸಿಗಡಿಯೂ ಹುಳದ ದೂರದ ನೆಂಟನೇ. ಉಪ್ಪು, ಅರಿಶಿನ ಸೋಕದ ತಾಜಾ ಸಿಗಡಿಯನ್ನು ಬೇಯಿಸಿ ಸಾಸಿವೆಯಷ್ಟು ತುಂಡು ಕೊಡಿ. ಉಪ್ಪು ಹಾಕಿದ ಒಣ ಸಿಗಡಿ ಬೇಡ. ಇನ್ನೊಂದು ಮಾತು: ಸಿಗಡಿ ತಿಂದರೆ ಮೈ ತುರಿಸುವವರಿಗೆ ಜಿರಳೆ, ಮೀಲ್‌ವರ್ಮಿನಿಂದಲೂ ಅಲರ್ಜಿ ಬರಬಹುದು. ಮೂರರಲ್ಲೂ ಟ್ರೋಪೊಮಯೋಸಿನ್ ಎಂಬ ಒಂದೇ ಬಗೆಯ ಪ್ರೋಟೀನ್ ಇದೆ. ಅಂಥವರು ಹುಳದ ಡಬ್ಬಿ ಸೋಸುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಲಿ.

ಕೊಡುವಾಗ ಹುಳ ಪೂರ್ತಿ ಕರಗಿರಬೇಕು, ಮೇಲಿನ ನೀರು ಒರೆಸಿರಬೇಕು. ಮೀಲ್‌ವರ್ಮಿನ ಹೊರಚರ್ಮ ಗಟ್ಟಿ, ಸಣ್ಣ ಇರುವೆಯ ದವಡೆಗೆ ಬಗ್ಗುವುದಿಲ್ಲ. ಅಡ್ಡಕ್ಕೆ ಎರಡು ಮೂರು ತುಂಡು ಮಾಡಿ, ಇಲ್ಲವೇ ಉದ್ದಕ್ಕೆ ಸೀಳಿ. ಆಗಷ್ಟೇ ಪೊರೆ ಬಿಟ್ಟ ಬಿಳಿ ಹುಳ ಸಿಕ್ಕರೆ ಮೊದಲು ಅದನ್ನು ಕೊಡಿ, ಅದು ಬೆಣ್ಣೆ. ಹತ್ತು ಹದಿನೈದು ಇರುವೆ ಇರುವ ಗೂಡಿಗೆ ಜೀರುಂಡೆಯ ಒಂದು ಹಿಂಗಾಲಿನ ತೊಡೆ ಸಾಕು. ಟೆಸ್ಟ್ ಟ್ಯೂಬಿನ ಒಳಗೆ ನೇರವಾಗಿ ಹಾಕದೆ, ಸಣ್ಣ ಪ್ಲಾಸ್ಟಿಕ್ ಚೂರಿನ ಮೇಲೆ ಇಟ್ಟು ಹೊರ ಅಂಗಳದಲ್ಲಿ, ಅಂದರೆ ಟ್ಯೂಬಿನ ಹೊರಗೆ ಇರುವೆಗಳು ಓಡಾಡುವ ಡಬ್ಬಿಯಲ್ಲಿ ಇಡಿ. ತೆಗೆಯಲು ಸುಲಭ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಹನ್ನೆರಡು ಗಂಟೆ, ಅಷ್ಟರಲ್ಲಿ ಉಳಿದದ್ದನ್ನು ತೆಗೆಯಿರಿ.

ಮೊದಲ ಕೆಲಸಗಾರ ಇರುವೆ ಹುಟ್ಟುವವರೆಗೆ ಗೊದ್ದದ ರಾಣಿಗೆ ಏನೂ ಕೊಡಬೇಡಿ. ಅದು ತನ್ನ ರೆಕ್ಕೆಯ ಸ್ನಾಯು ಮತ್ತು ಮೈಯ ಕೊಬ್ಬನ್ನೇ ಕರಗಿಸಿ ಮರಿಗಳನ್ನು ಬೆಳೆಸುತ್ತದೆ. ಆಮೇಲೂ ಹುಳ ಜಾಸ್ತಿ ಕೊಟ್ಟಷ್ಟೂ ಗೂಡು ಬೇಗ ಬೆಳೆಯುತ್ತದೆ ಅಂದುಕೊಳ್ಳಬೇಡಿ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪ್ರೋಟೀನ್ ಜಾಸ್ತಿ, ಸಿಹಿ ಕಡಿಮೆ ಇರುವ ಆಹಾರ ತಿಂದ ಕಪ್ಪು ಇರುವೆಯ ಕೆಲಸಗಾರರು ಬೇಗ ಸತ್ತು ಗೂಡುಗಳೇ ಕುಸಿದವು. ಸಿಹಿ ಯಾವಾಗಲೂ ಇರಲಿ. ಹುಳ ಎಷ್ಟು ಎನ್ನುವುದನ್ನು ಮರಿಹುಳಗಳನ್ನು ನೋಡಿ ನಿರ್ಧರಿಸಿ. ಬಿಳಿ ಮರಿಗಳು ರಾಶಿ ಇದ್ದರೆ ಎರಡು ಮೂರು ದಿನಕ್ಕೊಮ್ಮೆ. ಎಲ್ಲವೂ ಕಂದು ಕೋಶ ಕಟ್ಟಿ ಮಲಗಿದ್ದರೆ ವಾರಕ್ಕೊಂದು ಸಣ್ಣ ತುಂಡು. ಇಟ್ಟ ತುಂಡನ್ನು ಮುಟ್ಟದೆ ಅದರ ಮೇಲೆ ಕಸ ತಂದು ಮುಚ್ಚುತ್ತಿದ್ದರೆ, ಸಾಮಾನ್ಯವಾಗಿ ಅವಕ್ಕೆ ಅದು ಬೇಡ ಎಂದರ್ಥ. ತೆಗೆದುಬಿಡಿ, ಎರಡು ದಿನ ಬರೀ ಸಕ್ಕರೆ ನೀರು ಇಟ್ಟು ಆಮೇಲೆ ಬೇರೆ ಹುಳ ಕೊಟ್ಟು ನೋಡಿ.